ಕಿವಿ ಮುಟ್ಟಿದ ಕೈ

ವಿಮಾನವನ್ನು ಒಂದು ತಾಸು ಹಾರಿಸಲು ನಲವತ್ತು ರೂಪಾಯಿ. ಶಿರಸಿಯಲ್ಲಿ ಸಂಗಯ್ಯನ ಖಾನಾವಳಿಯಲ್ಲಿ ಒಂದು ಊಟಕ್ಕೆ ಹನ್ನೆರಡಾಣೆ. ಜೋಳ, ಬೇಳೆ, ಎಣ್ಣೆ, ಕಟ್ಟಿಗೆ, ಬಾಡಿಗೆ ಎಲ್ಲ ಕಳೆದರೆ ಕೈಯಲ್ಲಿ ಉಳಿಯುವುದು ಎರಡಾಣೆ. ಅಂದರೆ ಮಗ ಒಂದು ತಾಸು ಹಾರಬೇಕಾದರೆ ಮುನ್ನೂರ ಇಪ್ಪತ್ತು ಮಂದಿ ಬಂದು ಉಣ್ಣಬೇಕು. ತಲೆಗೆ ಮೂರು ರೊಟ್ಟಿ ಹಿಡಿದರೂ ಸಾವಿರಕ್ಕೆ ನಲವತ್ತು ಕಡಿಮೆ ರೊಟ್ಟಿ. ಲೈಸೆನ್ಸಿಗೆ ಇನ್ನೂರು ತಾಸು ಬೇಕು.

ಈ ಲೆಕ್ಕ ಮಾಡಿದವಳು ನೀಲಗಂಗವ್ವ. ರೊಟ್ಟಿ ಬಡಿಯುವವಳು ಅವಳೇ ಆದ್ದರಿಂದ ಬೇರೆ ಯಾರೂ ಆ ಲೆಕ್ಕ ಮಾಡುವಂತಿರಲಿಲ್ಲ.

ಗಂಡ ಸಂಗಯ್ಯನ ಲೆಕ್ಕವೇ ಬೇರೆ. "ಕಲತು ಮುಗಿದ ಮ್ಯಾಲೆ ತಿಂಗಳಿಗೆ ಆರನೂರು ರೂಪಾಯಿ ಪಗಾರ ಐತಿ. ಎರಡು ವರ್ಷದಾಗ ಎಲ್ಲಾ ತಿರುಗಿ ಬರತೈತಿ," ಎಂದು ಹಣದ ಗಲ್ಲೆಯ ಮೇಲೆ ಪೇಪರು ಹರಡಿಕೊಂಡು ಹೇಳುತ್ತಿದ್ದ. ಅದು ೧೯೫೮. ಜಿಲ್ಲೆ ಮುಂಬೈ ಬಿಟ್ಟು ಮೈಸೂರಿಗೆ ಸೇರಿ ಒಂದೂವರೆ ವರ್ಷವಾಗಿತ್ತು. ಬೆಂಗಳೂರಿನ ವಿಮಾನ ಶಾಲೆ ಈಗ ತಮ್ಮದೇ ರಾಜ್ಯದ್ದು ಎಂಬುದು ಅವನಿಗೆ ದೊಡ್ಡ ಧೈರ್ಯ. ಮಗ ಮಧುಕೇಶ್ವರ ಧಾರವಾಡದಲ್ಲಿ ಇಂಟರ್ ಸಾಯನ್ಸ್ ಪಾಸಾಗಿ, ಶಿರಸಿಯ ಬಸ್ ಕಂಪನಿಯೊಂದರಲ್ಲಿ ಟಿಕೆಟ್ ಹರಿಯುತ್ತ ಕೂತಿದ್ದ. ವಿಮಾನದ ಜಾಹೀರಾತು ತಂದು ತೋರಿಸಿದವನು ಅವನೇ, ಹಿಡಿದುಕೊಂಡವನು ಅಪ್ಪ.

ಬನವಾಸಿಯಲ್ಲಿದ್ದ ಒಂದೆಕರೆ ಇಪ್ಪತ್ತು ಗುಂಟೆ ಗದ್ದೆ ಮಾರಾಟವಾಯಿತು. ನೀಲಗಂಗವ್ವನ ಕೈಯ ಒಂದು ಜೊತೆ ಚಿನ್ನದ ಪಾಟ್ಲಿ ಹೋಯಿತು. ಮಗಳು ಗಿರಿಜೆ ಮ್ಯಾಟ್ರಿಕ್‌ಗೆ ಒಂದು ವರ್ಷ ಇರುವಾಗ ಶಾಲೆ ಬಿಟ್ಟು ತಾಯಿಯ ಎದುರು ಇನ್ನೊಂದು ಕೊಣಮಿಗೆ ಇಟ್ಟುಕೊಂಡು ಹಿಟ್ಟು ನಾದಲು ಕೂತಳು. ಅಂದಿನಿಂದ ಮನೆಯಲ್ಲಿ ಎಲ್ಲದಕ್ಕೂ ಅಳತೆ ತಾಸಿನದೇ ಆಯಿತು. ಗಿರಿಜೆ ಸೀರೆ ಕೇಳಿದರೆ "ಅರ್ಧಾ ತಾಸು ಆತಲ್ಲ" ಎನ್ನುವರು. ಅಜ್ಜಿ ಮುರಿಗೆವ್ವನ ಕಣ್ಣಿನ ಪೊರೆ ತೆಗೆಸುವುದು ಎರಡೂವರೆ ತಾಸು. ಅದು ಮುಂದಕ್ಕೆ ಹೋಗುತ್ತಲೇ ಇತ್ತು.

"ಕಣ್ಣು ತಗೊಂಡು ಏನ್ ಮಾಡ್ಲಿ? ಅಂವ ಮ್ಯಾಲೆ ಹಾರೂದು ಹೆಂಗೂ ಕಾಣಂಗಿಲ್ಲ," ಎನ್ನುವಳು ಮುರಿಗೆವ್ವ.

ಒಮ್ಮೆಗೇ ಹಣ ಕಟ್ಟಲಾಗದೆ ಎರಡು ವರ್ಷದ ಓದು ನಾಲ್ಕು ವರ್ಷವಾಯಿತು. ಮೂರು ತಿಂಗಳು ಹಾರುವುದು, ಮೂರು ತಿಂಗಳು ಕೈಕಟ್ಟಿ ಕೂರುವುದು. ೧೯೬೨ರ ಮಾರ್ಚಿನಲ್ಲಿ ಮಧುಕೇಶ್ವರ ಲೈಸೆನ್ಸು ಹಿಡಿದು ಹುಬ್ಬಳ್ಳಿ ಬಸ್ಸಿನಿಂದ ಇಳಿದ. ಹಾರಿದ್ದು ಒಟ್ಟು ಇನ್ನೂರ ಆರು ತಾಸು ಇಪ್ಪತ್ತು ನಿಮಿಷ.

ಮಧ್ಯಾಹ್ನದ ಊಟದ ಹೊತ್ತು. ಲೈಸೆನ್ಸಿನ ಪುಸ್ತಕ ಎಲ್ಲರ ಕೈಗೂ ಹೋಯಿತು. ಯಲ್ಲಾಪುರ ಬಸ್ಸಿನ ಕಂಡಕ್ಟರ್ ಕೆರಿಯಪ್ಪ ಎಡಗೈಯಲ್ಲಿ ಅದನ್ನು ಹಿಡಿದು, ಬಲಗೈಯಲ್ಲಿ ಝುಣಕ ಕಲಸುತ್ತ ಕೇಳಿದ:

"ಎಂತ ಮಾರಾಯ, ನಮ್ ಗಾಡಿ ಅರಬೈಲ್ ಘಟ್ಟ ಇಳಿಯೂಕೆ ಒಂದು ತಾಸು ಬೇಕು. ನಿಂದು?"

"ಐದು ನಿಮಿಷ."

"ಹಂಗಾರೆ ವಾಂತಿ ಮಾಡೂರಿಗೆ ಪುರಸೊತ್ತೇ ಇಲ್ಲ ಅನ್ನು!"

ಉಣ್ಣುತ್ತಿದ್ದವರೆಲ್ಲ ನಕ್ಕರು. ಗಿರಿಜೆ ಪುಸ್ತಕ ಇಸಿದುಕೊಂಡು ಓದಿದಳು. "ಯವ್ವಾ, ಇಲ್ಲಿ ಗುರ್ತು ಬರದಾರ ನೋಡು. ಎಡಗಾಲಿಗೆ ಸುಟ್ಟ ಕಲೆ ಅಂತ."

ಮುರಿಗೆವ್ವನಿಗೆ ಅಷ್ಟು ಸಾಕಾಯಿತು. ಇಪ್ಪತ್ತು ವರ್ಷದಿಂದ ಹೇಳುತ್ತ ಬಂದ ಕತೆಯನ್ನು ಮತ್ತೆ ತೆಗೆದಳು.

"ಆ ಕಲೀನs ಇವನ್ನ ಸಾಲಿಗೆ ಹಾಕಿದ್ದು. ಗಿರಿಜಾ ಹುಟ್ಟಿ ಎರಡು ತಿಂಗಳು. ಇವರವ್ವ ಒಲೀ ಮುಂದ, ಕೂಸು ತೊಟ್ಟಿಲದಾಗ, ಇಂವ ಕುದಿಯೋ ಗಂಜ್ಯಾಗ ಕಾಲು ಇಟ್ಟ. ಮನ್ಯಾಗ ಇದ್ರ ಸಾಯ್ತಾನ ಅಂತ ನಾನs ಎತ್ತಿಕೊಂಡು ಹ್ವಾದೆ. ಚನ್ನಯ್ಯ ಮಾಸ್ತರ ಅಂದ, ಬಲಗೈ ನೆತ್ತಿ ಮ್ಯಾಲಿಂದ ತಂದು ಎಡಗಿವಿ ಮುಟ್ಟಲಿ, ಮುಟ್ಟಿದ್ರ ಆರು ವರ್ಷ ತುಂಬೈತಿ ಅಂತ ಬರಕೋತೀನಿ. ಎಲ್ಲಿ ಮುಟ್ಟಬೇಕು? ನಾಕು ತುಂಬಿಲ್ಲ ಇನ್ನೂ! ಮಾಸ್ತರ ಮಸೀ ದೌತಿ ಕಡೆ ತಿರುಗಿದ ನೋಡು, ನಾನು ಇವನ ತಲಿ ಹಿಂಗ ಒತ್ತಿಬಿಟ್ಟೆ." ಎಂದು ಗಿರಿಜೆಯ ತಲೆಯನ್ನು ಭುಜಕ್ಕೆ ಒತ್ತಿ ತೋರಿಸಿದಳು. "ಮುಟ್ಟಿತು! ಒಂದೂ ವರ್ಷ ನಪಾಸಾಗಲಿಲ್ಲ. ಹದಿನೈದಕ್ಕs ಮ್ಯಾಟ್ರಿಕ್."

"ಅಜ್ಜಿ, ನೀ ವಕೀಲಿ ಮಾಡ್ಬೇಕಾಗಿತ್ತು," ಎಂದ ಕೆರಿಯಪ್ಪ, ಕೈ ತೊಳೆಯಲು ಏಳುತ್ತ.

ಏಪ್ರಿಲ್ ಹೋಯಿತು. ಮಧುಕೇಶ್ವರ ಅರ್ಜಿ ಬರೆಯುತ್ತಲೇ ಇದ್ದ. ಅವನಂತೆ ಲೈಸೆನ್ಸು ಹಿಡಿದು ಕೂತವರು ನೂರಾರು ಮಂದಿ ಎಂದು ಬೆಂಗಳೂರಿನ ಗೆಳೆಯ ಕಾರ್ಡು ಬರೆದ. ಕಲಿಸುವ ಕೆಲಸಕ್ಕೆ ಹೋಗೋಣವೆಂದರೆ ಅದಕ್ಕೆ ಬೇರೆ ಪರೀಕ್ಷೆ, ಇನ್ನಷ್ಟು ತಾಸು. ಮನೆಯಲ್ಲಿ ಅವನಿಗೆ ಮಾಡಲು ಕೆಲಸವಿಲ್ಲ. ಇದ್ದ ಕೆಲಸ ಅವನಿಂದ ಮಾಡಿಸಲು ಯಾರಿಗೂ ಮನಸ್ಸಿಲ್ಲ. ಒಮ್ಮೆ ಗಿರಿಜೆ ನೀರಿನ ಕೊಡ ಎತ್ತುವಾಗ ಕೈ ಕೊಡಲು ಹೋದ. ಸಂಗಯ್ಯ ಗಲ್ಲೆಯಿಂದಲೇ ಕೂಗಿದ:

"ಬ್ಯಾಡೋ, ಸೊಂಟ ಗಿಂಟ ಉಳುಕಿದ್ರ ಡಾಕ್ಟರ್ ತಪಾಸಣಿದಾಗ ಹಿಡೀತಾರ."

"ನನ್ನ ಸೊಂಟಕ್ಕ ತಪಾಸಣಿ ಇಲ್ಲೇನಪ್ಪ?" ಎಂದಳು ಗಿರಿಜೆ, ಕೊಡ ಸೊಂಟಕ್ಕಿಟ್ಟುಕೊಂಡು.

ಲೈಸೆನ್ಸು ಒಮ್ಮೆ ಸಿಕ್ಕರೆ ಮುಗಿಯಿತು ಎಂದು ಮನೆಯವರು ತಿಳಿದಿದ್ದರು. ಹಾಗಿರಲಿಲ್ಲ. ಆರು ತಿಂಗಳಿಗೊಮ್ಮೆ ಬೆಂಗಳೂರಿಗೆ ಹೋಗಿ ಡಾಕ್ಟರರ ಮುಂದೆ ನಿಲ್ಲಬೇಕು, ನಡುವೆ ಇಷ್ಟು ತಾಸು ಹಾರಿದ್ದೇನೆಂದು ತೋರಿಸಬೇಕು. ಇಲ್ಲದಿದ್ದರೆ ಪುಸ್ತಕ ಸತ್ತ ಹಾಗೆ. ಅದರ ಗಡುವು ಸೆಪ್ಟೆಂಬರ್.

ಜೂನ್ ಮೂರಕ್ಕೆ ಜಾಹೀರಾತು ಬಂತು. ವಿಮಾನ ಕಂಪನಿಯೊಂದಕ್ಕೆ ಹನ್ನೆರಡು ಮಂದಿ ಕಿರಿಯ ಪೈಲಟ್‌ಗಳು ಬೇಕು. ಹೊಸ ಲೈಸೆನ್ಸಿನವರಾದರೂ ನಡೆಯುತ್ತದೆ. ಸಂಗಯ್ಯ ಆ ದಿನ ಗಿರಾಕಿಗಳಿಗೆಲ್ಲ ಒಂದೊಂದು ಹೋಳಿಗೆ ಹಾಕಿಸಿದ. ನೀಲಗಂಗವ್ವ ಹೂರಣ ಕಟ್ಟುತ್ತಿರುವಾಗ ಮಧುಕೇಶ್ವರ ಪೇಪರು ಹಿಡಿದುಕೊಂಡೇ ಒಲೆಯ ಬಳಿ ಬಂದ.

"ಯವ್ವಾ, ನಾ ಹುಟ್ಟಿದ್ದು ಖರೇ ಯಾವಾಗ?"

"ಗೌರಿ ಹುಣ್ಣಿಮಿ ಮರುದಿನ. ಯಾಕ?"

"ವರ್ಷ?"

"ಬರೂ ಕಾರ್ತೀಕಕ್ಕ ಇಪ್ಪತ್ತೈದು ತುಂಬತಾವ. ನಂಗ ಮರೀತೈತೇನು?"

ಮಧುಕೇಶ್ವರ ಪೇಪರನ್ನು ನೆಲದ ಮೇಲಿಟ್ಟ. "ಇಲ್ಲಿ ಇಪ್ಪತ್ತಾರು ಮೀರಿರಬಾರದು ಅಂತ ಐತಿ. ಸಾಲಿ ದಾಖಲೇದಾಗ ನಾನು ಮೂವತ್ತೈದನೇ ಇಸವಿ ಜೂನ್ ಒಂದಕ್ಕ ಹುಟ್ಟೀನಿ. ಮೊನ್ನಿಗೆ ನಂಗ ಇಪ್ಪತ್ತೇಳು."

"ವಿಮಾನದ ಸಾಲೀಗೆ ಹೋಗಿ ಬಂದಿ, ಇಷ್ಟು ವರ್ಷ ಇದನ್ನ ನೋಡಲಿಲ್ಲೇನು ನೀನು?" ಎಂದ ಸಂಗಯ್ಯ, ಗಲ್ಲೆಯಿಂದ ಎದ್ದು ಬಂದು.

"ಎಲ್ಲಾ ಅರ್ಜಿಗೂ ಅದನ್ನs ಬರಕೊಂತ ಬಂದೀನಪ್ಪ. ವಯಸ್ಸು ಕಡಿಮಿ ಬಿದ್ದೀತು ಅನ್ನೂ ಅಂಜಿಕಿ ಇತ್ತು. ಜಾಸ್ತಿ ಆದೀತು ಅಂತ ಯಾರಿಗೆ ಹೊಳೀತೈತಿ?"

ಹೋಳಿಗೆಗಳನ್ನು ಗಿರಾಕಿಗಳು ತಿಂದರು. ಮನೆಯವರ ಪಾಲಿನದು ಮರುದಿನ ಎಮ್ಮೆಗೆ ಹೋಯಿತು.

ಅರ್ಜಿಗೆ ಕೊನೆಯ ದಿನ ಜೂನ್ ಮೂವತ್ತು. ಸುಮಾರು ಒಂದು ತಿಂಗಳಿತ್ತು. ಗಂಡ ಹೆಂಡತಿ ಇಬ್ಬರೂ ಇಸಳೂರಿಗೆ ನಡೆದು ಹೋದರು. ಚನ್ನಯ್ಯ ಮಾಸ್ತರರು ನಿವೃತ್ತರಾಗಿ ಅಲ್ಲಿದ್ದರು. ಅಂಗಳದಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದವರು ಕೈ ಒರೆಸಿಕೊಂಡು ಎದ್ದರು.

"ಬರ್ರಿ ಸಂಗಯ್ಯನೋರ, ಕೂಡ್ರಿ. ನಿಮ್ಮ ಮಗ ವಿಮಾನ ನಡಸ್ತಾನಂತ. ನಮ್ಮ ಕೈಯಾಗ ಕಲತಂವ."

ವಿಷಯ ಕೇಳಿದ ಮೇಲೆ ಮಾಸ್ತರರು ಮತ್ತೆ ಹುಣಸೆ ನಾರು ಹಿಂಜತೊಡಗಿದರು.

"ಆಗ ಯಾರ ಮನ್ಯಾಗ ಹುಟ್ಟಿದ ದಾಖಲೆ ಇತ್ತು ಹೇಳ್ರಿ? ಕಿವಿ ಮುಟ್ಟಿದ್ರ ಆರು ವರ್ಷ. ತಾರೀಖು ಗೊತ್ತಿಲ್ಲಂದ್ರ ಜೂನ್ ಒಂದು. ಅರ್ಧ ಊರು ಜೂನ್ ಒಂದಕ್ಕs ಹುಟ್ಟೈತಿ ನನ್ನ ಪುಸ್ತಕದಾಗ. ಯಾರಿಗೂ ತ್ರಾಸ ಆಗಿಲ್ಲ."

"ನಮಗ ಆಗೈತಿ," ಎಂದಳು ನೀಲಗಂಗವ್ವ.

"ಆಗೈತ್ರೆವ್ವ, ಇಲ್ಲ ಅನ್ನಂಗಿಲ್ಲ. ಸಾಲಿ ಬಿಟ್ಟ ಮ್ಯಾಲೆ ತಿದ್ದೂದು ಕಠಿಣ. ಒಂದs ದಾರಿ. ಸಾಲಿಗೆ ಹಾಕಿದವರು ಮಾಮಲೇದಾರ ಕಚೇರಿಗೆ ಹೋಗಿ, ವಯಸ್ಸು ತಪ್ಪು ಹೇಳಿದ್ದೆ ಅಂತ ಪ್ರಮಾಣ ಮಾಡಿ ಬರಸಬೇಕು. ಅದರ ಜೋಡಿ ನಂದೂ ಒಂದು ಪತ್ರ ಕೊಡ್ತೀನಿ. ಕಾರವಾರದ ಸಾಲಿ ಕಚೇರಿಗೆ ಕಳಸ್ರಿ. ನಸೀಬ ಇದ್ರ ಆದೀತು. ಹಾಕಿದವರು ಯಾರು? ನಿಮ್ಮ ತಾಯಿ ಅಲ್ಲೇನು? ದಾಖಲೇದಾಗ ಪಾಲಕರು ಅಂತ ಅವರದs ಹೆಬ್ಬೆಟ್ಟು ಐತಿ."

ದಾರಿಯಲ್ಲಿ ಸಂಗಯ್ಯ ಹಗುರಾಗಿ ನಡೆದ. "ಅವ್ವಗ ಏನು, ಇಪ್ಪತ್ತು ವರ್ಷದಿಂದ ಅದನ್ನs ಹೇಳಾಕತ್ತಾಳ. ಅಲ್ಲೂ ಹೇಳ್ತಾಳ."

ನೀಲಗಂಗವ್ವನ ತಲೆಯಲ್ಲಿ ಬೇರೆ ಲೆಕ್ಕವಿತ್ತು: ಅಂದು ತಾನು ಒಲೆ ಬಿಟ್ಟು ಒಂದು ತಿಂಗಳು ಮಕ್ಕಳ ಹತ್ತಿರ ಇದ್ದಿದ್ದರೆ ಏನಾಗುತ್ತಿತ್ತು ಎಂಬ ಲೆಕ್ಕ.

ಅರ್ಜಿ ಬರೆಯುವವನಿಗೆ ಒಂದು ವಾರ ಹಿಡಿಯಿತು. ಮುದ್ರೆ ಕಾಗದ ತರಲು ಮತ್ತೆರಡು ದಿನ. ಈ ನಡುವೆ ವಿಷಯ ಖಾನಾವಳಿಯಲ್ಲಿ ಎಲ್ಲರಿಗೂ ಗೊತ್ತಾಗಿತ್ತು. ಉಂಡವರೆಲ್ಲ ಒಂದೊಂದು ಸಲಹೆ ಕೊಟ್ಟು ಹೋದರು. ಕಚೇರಿಗೆ ಹೋಗುವ ಹಿಂದಿನ ದಿನ ಕೆರಿಯಪ್ಪ ಎಲೆ ಅಡಿಕೆ ಹಾಕಿಕೊಳ್ಳುತ್ತ ಮುರಿಗೆವ್ವನನ್ನು ಕೆಣಕಿದ:

"ಅಜ್ಜಿ, ಸರ್ಕಾರಿ ಪುಸ್ತಕದಾಗೆ ಸುಳ್ಳು ಬರೆಸಿದ್ದೆ ಅಂತ ನೀನೇ ಹೇಳೂಕೆ ಹೋಗ್ತಿಯಂತೆ. ಗಂಟು ಕಟ್ಕಂಡು ಹೋಗು. ವಾಪಸ್ ಬಿಡ್ತರೋ ಇಲ್ವೋ."

"ನನ್ನ ಒಯ್ದು ಏನ್ ಮಾಡ್ತಾರೋ? ಅವರಿಗೂ ರೊಟ್ಟಿ ಬಡದು ಹಾಕ್ಲ್ಯಾ?"

"ನಿನ್ನ ಬಿಡ್ತರು, ಮುದುಕಿ ಅಂತ. ಆ ಸುಳ್ಳಿನ ಮೇಲೆ ಲೈಸೆನ್ಸು ಮಾಡ್ಸಂಡವ್ನ ಬಿಡೂದಿಲ್ಲ," ಎಂದು ನಕ್ಕು, ಗಾಡಿಗೆ ಹೊತ್ತಾಯಿತೆಂದು ಕೆರಿಯಪ್ಪ ಓಡಿದ.

ಆ ಸಂಜೆ ಮುರಿಗೆವ್ವ ಸೊಪ್ಪು ಸೋಸುವಾಗ ಗಿರಿಜೆಯನ್ನು ಕೇಳಿದಳು, "ಆ ಲೈಸೆನ್ಸ್ ಪುಸ್ತಕದಾಗ ಹುಟ್ಟಿದ ತಾರೀಖು ಬರದಾರೇನ ತಂಗಿ?"

"ಹೂಂ, ಬರದಾರ."

"ಸಾಲ್ಯಾಗ ಇದ್ದಿದ್ದs?"

"ಅದs. ಯಾಕ?"

"ಸುಮ್ನ ಕೇಳಿದೆ," ಎಂದು ಮುದುಕಿ ಸೊಪ್ಪಿನ ದಂಟು ಮುರಿಯುತ್ತ ಕೂತಳು.

ಕಚೇರಿಯಲ್ಲಿ ಸಾಕ್ಷಿಗೆ ಹೇಳಿಕೊಡುತ್ತಾರೆಂದು ಮನೆಯವರನ್ನು ಹೊರಗೆ ನಿಲ್ಲಿಸಿದರು. ಸಂಗಯ್ಯ, ಮಧುಕೇಶ್ವರ ಕಟ್ಟೆಯ ಮೇಲೆ ಕೂತರು. ಒಳಗೆ ಗುಮಾಸ್ತ ಮುರಿಗೆವ್ವನಿಗೆ ದೊಡ್ಡ ದನಿಯಲ್ಲಿ ಕೇಳಿದ:

"ದೇವರ ಮೇಲೆ ಆಣೆ ಮಾಡಿ ಹೇಳಬೇಕು ಅಜ್ಜಿ. ಮೊಮ್ಮಗನನ್ನು ಶಾಲೆಗೆ ಹಾಕುವಾಗ ಅವನ ವಯಸ್ಸೆಷ್ಟು?"

ಮುರಿಗೆವ್ವ ಸೆರಗಿನೊಳಗೆ ಕೈ ಹಾಕಿ ಕೊರಳಿನ ಲಿಂಗವನ್ನು ಮುಟ್ಟಿಕೊಂಡಳು.

"ಆರು ತುಂಬಿತ್ತು."

"ಅರ್ಜಿಯಲ್ಲಿ ಮೂರೂವರೆ ಅಂತ ಇದೆ."

"ಅದು ಹುಡುಗರು ಬರಸಿದ್ದು. ನಂಗೊತ್ತಿಲ್ಲೇನ್ರಿ? ಕೈ ಕಿವೀಗೆ ತಾನಾಗೆ ಮುಟ್ಟಿತು. ಮಾಸ್ತರ ಬರದಿದ್ದು ಖರೇ. ನಮ್ಮ ಹುಡುಗಂದು ಏನೂ ಸುಳ್ಳಿಲ್ರಿ ಸಾಹೇಬ್ರ."

ಗುಮಾಸ್ತ ಹೇಳಿದ್ದನ್ನು ಹೇಳಿದಂತೆ ಬರೆದ. ಹೆಬ್ಬೆಟ್ಟು ಒತ್ತಿಸಿ, ಸಾಹೇಬರ ಸಹಿ ಮಾಡಿಸಿದ. ಆ ಮೇಲೆ ಸಂಗಯ್ಯನನ್ನು ಕರೆದು ಓದಿ ಹೇಳಿದ.

ಸಂಗಯ್ಯ ಎರಡು ಸಲ ಓದಿಸಿಕೊಂಡ. "ತಪ್ಪಾಗೈತ್ರಿ. ಇನ್ನೊಂದು ಬರಕೊಳ್ಳ್ರಿ. ಮುದುಕಿ ಅಂಜ್ಯಾಳ."

"ಇವತ್ತು ಆರು ಅಂತ ಆಣೆ, ನಾಳೆ ಮೂರೂವರೆ ಅಂತ ಆಣೆ. ಎರಡರಲ್ಲಿ ಒಂದು ಸುಳ್ಳು ಪ್ರಮಾಣ ಆಗತ್ತೆ ಸ್ವಾಮಿ. ಯಾವುದಕ್ಕೆ ಅವರ ಮೇಲೆ ಖಟ್ಲೆ ಹಾಕಲಿ, ನೀವೇ ಹೇಳಿ," ಎಂದ ಗುಮಾಸ್ತ. ಗದರಿಸಿ ಹೇಳಲಿಲ್ಲ, ಅವನಿಗೂ ಬೇಜಾರಾಗಿತ್ತು.

ಮುರಿಗೆವ್ವ ಹೊರಗೆ ಬಂದವಳೇ ಮೊಮ್ಮಗನ ಕೆನ್ನೆ ಸವರಿದಳು. "ಅಂಜಬ್ಯಾಡ. ನಾ ಏನೂ ಬಾಯಿ ಬಿಡಲಿಲ್ಲ."

ಮನೆಗೆ ಬಂದ ಮೇಲೆ ಜಗಳ. ಒಲೆಯ ಮೇಲೆ ಸಾರು ಉಕ್ಕುತ್ತಿತ್ತು, ಹೊರಗೆ ಗಿರಾಕಿಗಳು ತಾಟು ಬಡಿಯುತ್ತಿದ್ದರು. ನೀಲಗಂಗವ್ವ ಮದುವೆಯಾಗಿ ಬಂದ ಇಪ್ಪತ್ತೇಳು ವರ್ಷದಲ್ಲಿ ಮೊದಲ ಸಲ ಅತ್ತೆಗೆ ಎದುರು ನಿಂತಳು.

"ಊರಾಗಿನ ಡ್ರಾಯವರು, ಕ್ಲೀನರು ಎಲ್ಲಾರಿಗೂ ಹೇಳಿದ್ರಿ. ಹಾಲು ಮಾರೂ ನಾಗಿಗೂ ಹೇಳಿದ್ರಿ. ಹೇಳಬೇಕಾದ ಒಂದು ಕಡೆ ಹೇಳಲಿಲ್ಲಲ್ಲ ಅತ್ತಿ!"

"ಹೇಳಿದ್ರ ನನ್ನ ಮೊಮ್ಮಗನ ಕೈಗೆ ಬೇಡಿ ಹಾಕ್ತಿದ್ರು."

"ಯಾರು ಅಂದ್ರು?"

"ಕೆರಿಯಪ್ಪ."

"ಕೆರಿಯಪ್ಪ ಏನು ಜಡ್ಜಾ?" ಎಂದು ಕೂಗಿದ ಸಂಗಯ್ಯ. "ಬಸ್ಸಿನ ಸೀಟಿ ಊದಾಂವ ಅಂವ!"

ಮುರಿಗೆವ್ವ ಒಬ್ಬೊಬ್ಬರ ಮುಖವನ್ನೂ ಹುಡುಕಿದಳು. ಪೊರೆ ಬಂದ ಕಣ್ಣಿಗೆ ಯಾರ ಮುಖವೂ ಸರಿಯಾಗಿ ಕಾಣಲಿಲ್ಲ. "ನಾ ಹೇಳಿದ್ದು ತಪ್ಪಾತೇನ ಮಧು?"

ಮಧುಕೇಶ್ವರ ಹೊಸ್ತಿಲಲ್ಲಿ ನಿಂತಿದ್ದ. "ಗಿರಾಕಿ ಕಾಯಾಕತ್ತಾರ," ಎಂದು ರೊಟ್ಟಿಯ ಬುಟ್ಟಿ ಎತ್ತಿಕೊಂಡು ಹೊರಗೆ ಹೋದ. ಬಡಿಸುವ ಕೆಲಸವನ್ನು ಅವನು ಮಾಡಿದ್ದು ಅದೇ ಮೊದಲು. ಯಾರೂ ತಡೆಯಲಿಲ್ಲ.

ಚನ್ನಯ್ಯ ಮಾಸ್ತರರ ಪತ್ರವೊಂದನ್ನೇ ಲಗತ್ತಿಸಿ ಕಾರವಾರಕ್ಕೆ ಕಳಿಸಿದರು. ಪಾಲಕರ ಹೇಳಿಕೆ ಎಲ್ಲಿ ಎಂದು ಅಲ್ಲಿಂದ ಪ್ರಶ್ನೆ ಬಂತು. ಉತ್ತರ ಕೊಡಲು ಏನೂ ಇರಲಿಲ್ಲ. ಕಂಪನಿಗೂ ಅರ್ಜಿ ಹೋಯಿತು, ಇರುವ ವಿಷಯವನ್ನೆಲ್ಲ ಬರೆದು. ಜುಲೈ ಕೊನೆಗೆ ಎರಡು ಸಾಲಿನ ಉತ್ತರ ಬಂತು. ವಯೋಮಿತಿ ಮೀರಿದ್ದರಿಂದ ಅರ್ಜಿಯನ್ನು ಪರಿಗಣಿಸಲಾಗಿಲ್ಲ.

ಕೆರಿಯಪ್ಪ ಒಂದು ತಿಂಗಳು ಖಾನಾವಳಿಗೆ ಬರಲಿಲ್ಲ. ಬಂದ ದಿನ ತಲೆ ತಗ್ಗಿಸಿ ಉಂಡು, ಎದ್ದು ಹೋಗುವಾಗ ಗಲ್ಲೆಯ ಮುಂದೆ ನಿಂತ.

"ಅಯ್ಯನೋರೆ, ನಾ ನಗಾಡೂಕೆ ಅಂದದ್ದು."

"ಗೊತ್ತೈತಿ. ಹನ್ನೆರಡಾಣೆ," ಎಂದ ಸಂಗಯ್ಯ.

ಆಗಸ್ಟಿನಲ್ಲಿ ನೀಲಗಂಗವ್ವ ಕೊರಳಿನ ಬೋರಮಾಳ ತೆಗೆದು ಮಗನ ಮುಂದಿಟ್ಟಳು. "ಸೆಪ್ಟೆಂಬರದಾಗ ಡಾಕ್ಟರ್ ಕಡೆ ಹೋಗಬೇಕಲ್ಲ. ನಾಕು ತಾಸು ಹಾರು. ಪುಸ್ತಕ ಜೀವಂತ ಇರ್ಲಿ. ಮತ್ತೊಂದು ಕಂಪನಿ ಬಂದೀತು."

"ಮುಂದಿನ ಕಂಪನಿ ಬರೂದ್ರಾಗ ಪುಸ್ತಕದಾಗ ನಂಗ ಮೂವತ್ತು ಆಕ್ಕೈತಿ ಯವ್ವಾ. ಹಾಕ್ಕೊ ಅದನ್ನ."

"ನಾಕs ತಾಸು."

"ಬ್ಯಾಡ. ಗಿರಿಜಾಗ ಇಡು."

ಗಿರಿಜೆ ಹಿಟ್ಟು ನಾದುವ ಕೈ ನಿಲ್ಲಿಸದೆ ಹೇಳಿದಳು, "ಈಗ ನೆನಪಾತೇನಣ್ಣ ಗಿರಿಜಾಂದು?"

ಆ ಮಾತು ಹೇಳಲು ಅವಳಿಗೆ ನಾಲ್ಕು ವರ್ಷದ ಹಕ್ಕಿತ್ತು.

ಯಲ್ಲಾಪುರದ ಒಬ್ಬ ಸಾಹುಕಾರನಿಗೆ ಅರಬೈಲ್ ಘಟ್ಟದಲ್ಲಿ ಕಟ್ಟಿಗೆ ಲಾರಿ ಇಳಿಸಲು ಡ್ರೈವರ್ ಬೇಕಾಗಿತ್ತು. ಮಾತಾಡಿ ಕೊಡಿಸಿದವನು ಕೆರಿಯಪ್ಪ. ಲಾರಿಯ ಲೈಸೆನ್ಸಿಗೆ ಹೋದಾಗ ಅಧಿಕಾರಿ ಶಾಲೆಯ ಸರ್ಟಿಫಿಕೇಟು ನೋಡಿದ, ಇಪ್ಪತ್ತೇಳು ತುಂಬಿದೆ, ಬಲಿತ ಆಳು ಎಂದು ಸಮಾಧಾನಪಟ್ಟು ಸಹಿ ಮಾಡಿದ. ಪಗಾರ ತಿಂಗಳಿಗೆ ತೊಂಬತ್ತು ರೂಪಾಯಿ, ಭತ್ಯೆ ಬೇರೆ. ವಾರಕ್ಕೊಮ್ಮೆ ಶಿರಸಿಗೆ ಬಂದಾಗ ಮಧುಕೇಶ್ವರ ಉಳಿದ ಡ್ರೈವರುಗಳ ಸಾಲಿನಲ್ಲೇ ಕೂತು ಉಣ್ಣುತ್ತಿದ್ದ. ಸಂಗಯ್ಯ ಅವನಿಂದ ಹನ್ನೆರಡಾಣೆ ತೆಗೆದುಕೊಳ್ಳುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ.

ಮುರಿಗೆವ್ವ ಕಿವಿಯ ಕತೆಯನ್ನು ಮತ್ತೆ ಹೇಳಲಿಲ್ಲ. ಹೊಸ ಗಿರಾಕಿಗಳು ಯಾರಾದರೂ "ಅಜ್ಜಿ, ಮೊಮ್ಮಗ ಚಿಕ್ಕಂದಿನಾಗ ಬಾಳ ಶಾಣ್ಯಾ ಇದ್ನಂತ" ಎಂದರೆ, "ನಂಗ ಕಿವಿ ಕೇಳಂಗಿಲ್ರಿ" ಎನ್ನುವಳು. ಕಣ್ಣಿನ ಪೊರೆಯನ್ನು ಮೊಮ್ಮಗನೇ ಮೊದಲನೆಯ ಪಗಾರದಲ್ಲಿ ಹುಬ್ಬಳ್ಳಿಗೆ ಕರೆದೊಯ್ದು ತೆಗೆಸುತ್ತೇನೆಂದ. ಅವಳು ಒಪ್ಪಲಿಲ್ಲ. ಮೂರು ವರ್ಷ ಬದುಕಿದ್ದಳು. ನೀಲಗಂಗವ್ವ ಅವಳ ಊಟ, ಸ್ನಾನ, ಪೂಜೆಯ ನೀರು ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಮಾತು ಮಾತ್ರ ಬೇಕಾದಷ್ಟೇ ಆಡಿದಳು.

ಬೋರಮಾಳ ಗಿರಿಜೆಗೇ ಹೋಯಿತು. ೧೯೬೪ರಲ್ಲಿ ಹಾನಗಲ್ಲಿನ ಒಂದು ಕಿರಾಣಿ ಅಂಗಡಿಯವನಿಗೆ ಅವಳನ್ನು ಕೊಟ್ಟರು. ಅವನಿಗೆ ಮೊದಲ ಹೆಂಡತಿ ತೀರಿಹೋಗಿ ಎರಡು ಮಕ್ಕಳಿದ್ದವು. ಅವಳು ಹೋದ ಮೇಲೆ ಎರಡನೆಯ ಕೊಣಮಿಗೆಯನ್ನು ತೊಳೆದು ಅಟ್ಟಕ್ಕೆ ಹಾಕಿದರು.

ಮನೆಗೆ ಬಂದದ್ದು ಫೋಟೋ ಅಂಟಿಸಿದ ಒಂದು ಪುಸ್ತಕ. ಅದು ೧೯೬೨ರ ಸೆಪ್ಟೆಂಬರಿಗೆ ಮುಗಿಯಿತು. ಮನೆಯಿಂದ ಹೋದದ್ದು ಬನವಾಸಿಯ ಗದ್ದೆ, ಒಂದು ಜೊತೆ ಪಾಟ್ಲಿ, ಗಿರಿಜೆಯ ಮ್ಯಾಟ್ರಿಕ್, ಮುರಿಗೆವ್ವನ ಕಣ್ಣು. ಮಧುಕೇಶ್ವರ ಹಾರಿದ್ದು ಇನ್ನೂರ ಆರು ತಾಸು ಇಪ್ಪತ್ತು ನಿಮಿಷ. ಅದರ ಮೇಲೆ ಒಂದು ನಿಮಿಷವೂ ಕೂಡಲಿಲ್ಲ.